ಬಾಗಿಲಕ್ಕನ ಲೈಸೆನ್ಸು

ಅವಳಿಗೂ ಒಂದು ಹೆಸರಿತ್ತು. ಆದರೆ ಅದನ್ನು ಬಾಯ್ತುಂಬ ಕರೆಯುವವರು ಒಬ್ಬೊಬ್ಬರೇ ಹೋಗಿಬಿಟ್ಟಿದ್ದರಿಂದ ಆ ಹೆಸರು ಈಗ ಬ್ಯಾಂಕಿನ ಪಾಸ್‌ಬುಕ್ಕಿಗಷ್ಟೇ ಉಪಯೋಗಕ್ಕೆ ಬರುತ್ತಿತ್ತು. ಮೇಸ್ತ್ರಿಯಿಂದ ಹಿಡಿದು ಮರಳು ಹೊರುವವರ ತನಕ ಎಲ್ಲರಿಗೂ ಅವಳು ಬಾಗಿಲಕ್ಕ. ಹೊಸ ಬಡಾವಣೆಗಳಲ್ಲಿ ಅರ್ಧಕ್ಕರ್ಧ ಮನೆಗಳ ಬಾಗಿಲು ಕೂರಿಸಿದವಳು ಅವಳೇ. ಚೌಕಟ್ಟಿಗೆ ಕೀಲು ಬಿಗಿದು, ಬಾಗಿಲನ್ನು ಎತ್ತಿ ನಿಲ್ಲಿಸಿ, ಒಂದೇ ಬೆರಳಿನಿಂದ ಮೆಲ್ಲಗೆ ದೂಡುತ್ತಿದ್ದಳು. ಬಾಗಿಲು ಸದ್ದಿಲ್ಲದೆ ಹೋಗಿ ಕೂತರೆ ಆ ದಿನದ ಊಟ ಮೈಗೆ ಹತ್ತಿದಂತೆ. ಎಲ್ಲಾದರೂ ಕಿರ್ ಎಂದಿತೋ, ಮನೆ ಯಜಮಾನ "ಪರವಾಗಿಲ್ಲ ಬಿಡಮ್ಮ" ಎಂದರೂ ಬಿಡುತ್ತಿರಲಿಲ್ಲ. ಮತ್ತೆ ಬಿಚ್ಚಿ, ಕೀಸಿ, ಕೂರಿಸಿಯೇ ಕೈ ತೊಳೆಯುತ್ತಿದ್ದಳು. ಆಳು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಎಲ್ಲರ ಮನೆಗೂ ಚಿಲಕ ಹಾಕುವವಳು ತನ್ನ ಬಾಯಿಗೊಂದು ಹಾಕಿಕೊಳ್ಳಬಾರದೇ ಎಂದು ಗಾರೆಯವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಮುಖದೆದುರು ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಈ ಕೆಲಸವನ್ನು ಅವಳಿಗೆ ಕಲಿಸಿದ್ದು ದೊಡ್ಡಪ್ಪ. ಅಮ್ಮ ಮೊದಲೇ ಹೋಗಿದ್ದಳು. ಅಪ್ಪನೂ ತೀರಿಕೊಂಡಾಗ ಅವಳಿಗೆ ಸರಿಯಾಗಿ ಜಡೆ ಹೆಣೆದುಕೊಳ್ಳಲೂ ಬರುತ್ತಿರಲಿಲ್ಲ. ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮ ಅವಳನ್ನು ತಮ್ಮ ಮನೆಗೆ ಕರೆತಂದರು. ಹುಡುಗಿ ಮೂಲೆಯಲ್ಲಿ ಮಂಕು ಹಿಡಿದು ಕೂರುತ್ತಾಳೆಂದು ಬಡಗಿಯಾಗಿದ್ದ ದೊಡ್ಡಪ್ಪ ಅವಳನ್ನು ಕೆಲಸದ ಜಾಗಕ್ಕೆ ಕರೆದೊಯ್ಯತೊಡಗಿದ. ಅವನ ಸೊಂಟದಲ್ಲಿ ಸದಾ ಹಿತ್ತಾಳೆ ಡಬ್ಬಿಯ ಒಂದು ಅಳತೆ ಟೇಪು ಇರುತ್ತಿತ್ತು. ಯಾವಾಗಲೋ ಎರಡನೇ ಮಹಡಿಯಿಂದ ಬಿದ್ದು ಅದರ ಒಂದು ಮಗ್ಗುಲು ತಗ್ಗಾಗಿತ್ತು. ಆ ಟೇಪಿನ ಅಂಕಿಗಳ ಮೇಲೆ ಬೆರಳಿಟ್ಟೇ ಅವಳು ಎಣಿಸುವುದನ್ನು ಕಲಿತಳು. ಅವಳು ಮೊದಲ ಸಲ ಸ್ವಂತವಾಗಿ ಕೂರಿಸಿದ ಬಾಗಿಲು ಒಳಗೆ ತೆರೆಯುವುದರ ಬದಲು ಹೊರಗೆ ತೆರೆಯಿತು. ದೊಡ್ಡಪ್ಪ ಬೈಯಲಿಲ್ಲ. "ಪರವಾಗಿಲ್ಲ ಪುಟ್ಟಿ, ಬಂದ ನೆಂಟರನ್ನ ಹೊರಗೆ ಕಳಿಸೋದು ಸುಲಭ ಆಯ್ತು" ಎಂದು ನಗುತ್ತ ಕೀಲು ಬಿಚ್ಚತೊಡಗಿದ. ಅವತ್ತು ಅವಳಿಗೆ ಅಳು ಬಂದಿತ್ತು, ನಗುವೂ ಬಂದಿತ್ತು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಬಾಗಿಲು ಕೂರಿಸುವುದರ ಜೊತೆಗೆ ಇನ್ನೊಂದು ಪಾಠವನ್ನೂ ಅವಳು ಅಲ್ಲೇ ಕಲಿತಳು. ಕಟ್ಟಡ ಕಟ್ಟುವ ಜಾಗದಲ್ಲಿ ತಗಡಿನ ಒಂದು ಶೆಡ್ಡು ಇರುತ್ತದೆ; ಬಡಗಿ, ಪೈಂಟರು, ವೈರಿಂಗಿನವನು, ಟೈಲ್ಸಿನವನು ಎಲ್ಲರ ಪೆಟ್ಟಿಗೆಗಳೂ ಅದರಲ್ಲೇ. ಯಾರ ಪೆಟ್ಟಿಗೆಗೂ ಬೀಗವಿಲ್ಲ. ಒಬ್ಬನಿಗೆ ಇನ್ನೊಬ್ಬನ ಡ್ರಿಲ್ಲಿಂಗ್ ಮೆಷಿನ್ ಬೇಕಾಯಿತು, ಅವನು ಎಲ್ಲೋ ಮೇಲಿನ ಮಹಡಿಯಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಕೂಗಿ ಕೇಳುವ ಗೋಜಿಲ್ಲ. ಮೆಷಿನ್ ಎತ್ತಿಕೊಂಡು ಅದಿದ್ದ ಜಾಗದಲ್ಲಿ ತನ್ನ ಅಳತೆ ಟೇಪನ್ನು ಇಟ್ಟು ಹೋದರೆ ಆಯಿತು. ಟೇಪಿಲ್ಲದೆ ಯಾವ ಕೆಲಸಗಾರನಿಗೂ ಕೈಯೇ ಆಡುವುದಿಲ್ಲ. ಅಂಥದ್ದನ್ನೇ ಬಿಟ್ಟು ಹೋಗಿದ್ದಾನೆಂದರೆ ಮೆಷಿನ್ ತಂದಿಟ್ಟು ಅದನ್ನು ಒಯ್ಯುವುದಕ್ಕೆ ಬಂದೇ ಬರುತ್ತಾನೆ. ಪೆಟ್ಟಿಗೆಯಲ್ಲಿ ಟೇಪು ಕಂಡಿತೆಂದರೆ "ಕದ್ದರು" ಎನ್ನುವ ಮಾತೇ ಇಲ್ಲ. ಅಪ್ಪಿತಪ್ಪಿ ಯಾರಾದರೂ ಅಂದರೆ ಅಂದವನದೇ ಮಾನ ಹೋಗುತ್ತಿತ್ತು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಲೋಕಕ್ಕೆ ಯಾರ ಕಣ್ಣು ಬಿತ್ತೋ. ಊರಿನಲ್ಲಿ ಮೆಷಿನ್ ಕಳ್ಳತನ ಶುರುವಾಯಿತು. ಮೊದಲು ಟೈಲ್ಸಿನವನ ಕಟಿಂಗ್ ಮೆಷಿನ್ ಹೋಯಿತು, ಆಮೇಲೆ ವೈರಿಂಗಿನವನದು. ಒಂದು ಬೆಳಗ್ಗೆ ಬಾಗಿಲಕ್ಕ ಶೆಡ್ಡಿಗೆ ಬಂದು ನೋಡುತ್ತಾಳೆ, ಹಿಂಭಾಗದ ತಗಡು ಕಿತ್ತಿದೆ. ಅವಳ ಡ್ರಿಲ್, ಕಟಿಂಗ್ ಮೆಷಿನ್, ಬಾಗಿಲಿನ ಅಂಚು ಕೀಸುವ ಮೆಷಿನ್ ಮೂರೂ ಮಾಯ. ಅಲ್ಲಿ ಟೇಪೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಅಷ್ಟು ಹೊತ್ತಿಗೆ, ಕೆಲಸ ಮಾಡುತ್ತಿದ್ದ ಗಿರಣಿ ಮುಚ್ಚಿದ್ದರಿಂದ ಅವಳ ಗಂಡ ಮನೆಯಲ್ಲಿ ಕೂತಿದ್ದ. ಮಗಳು ನರ್ಸಿಂಗ್ ಓದುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಆ ಮೂರು ಮೆಷಿನ್‌ಗಳ ಮೇಲೆ. ಮತ್ತೆ ಮೂರು ಮೆಷಿನ್ ಕೊಳ್ಳುವಷ್ಟು ದುಡ್ಡು ಕೂಡುವ ತನಕ, ಬಾಗಿಲಕ್ಕ ಆ ಬೇಸಿಗೆಯೆಲ್ಲ ತಲೆಗೆ ಸಿಂಬಿ ಸುತ್ತಿಕೊಂಡು ಮರಳು ಹೊತ್ತಳು. ತಾನು ಹೊತ್ತ ಮರಳಿನಿಂದ ಎದ್ದ ಮನೆಗೆ ಇನ್ಯಾರೋ ಬಂದು ಬಾಗಿಲು ಕೂರಿಸಿದಾಗ ಅದು ಕಿರ್ ಎಂದಿತು. ಅವಳು ಮುಖ ತಿರುಗಿಸಿಕೊಂಡು ಬುಟ್ಟಿ ಎತ್ತಿದಳು.

ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ಹಳೆ ಸಾಮಾನಿನ ಬೀದಿಯಲ್ಲಿ ಒಂದು ದಿನ ತನ್ನ ಕೀಸುವ ಮೆಷಿನ್ ಕಣ್ಣಾರೆ ಕಂಡಳು. ಹಿಡಿಗೆ ಸೈಕಲ್ ಟ್ಯೂಬು ಸುತ್ತಿದವಳು ತಾನೇ. ಹೆತ್ತ ಮಗುವಿನ ಗುರುತು ಸಿಗದೇ ಇರುತ್ತದೆಯೇ? ಅದನ್ನು ಹಿಡಿದುಕೊಂಡಿದ್ದವನನ್ನು ಪೊಲೀಸರ ಹತ್ತಿರ ಎಳೆದುಕೊಂಡು ಹೋದಳು. ಅವನು ಅಳುಕಲಿಲ್ಲ. "ಇದು ನನ್ ಫ್ರೆಂಡ್ ಕೊಟ್ಟಿದ್ದು ಸಾರ್" ಎಂದ. ಫ್ರೆಂಡನ್ನು ಕರೆಸಿದರು. ಅವನೂ ಬಂದು "ಹೌದು ಸಾರ್, ನಾನೇ ಕೊಟ್ಟಿದ್ದು" ಎಂದ. ಕಳ್ಳನಿಗೊಂದು ಪಿಳ್ಳೆ ನೆವ. ಅವಳ ಹತ್ತಿರ ಬಿಲ್ಲಿಲ್ಲ, ಮೆಷಿನ್ ಮೇಲೆ ಹೆಸರಿಲ್ಲ. ಟ್ಯೂಬು ಯಾರು ಬೇಕಾದರೂ ಸುತ್ತಬಹುದು ಎಂದರು ಪೊಲೀಸರು. ಅವಳ ಕಣ್ಣೆದುರೇ ಅವನು ಅವಳ ಮೆಷಿನ್ನನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋದ.

ಹಾಗಾಗಿ ಮೆಷಿನ್ ಇಟ್ಟುಕೊಳ್ಳುವವರಿಗೆಲ್ಲ ಲೈಸೆನ್ಸು ಮಾಡಿದರೆ ಹೇಗೆ ಎಂದು ನಗರಸಭೆ ಕೇಳಿದಾಗ, ಕೆಲಸಗಾರರ ಸಂಘದ ಸಭೆಯಲ್ಲಿ ಮೊದಲು ಎದ್ದು ನಿಂತವಳು ಬಾಗಿಲಕ್ಕ. ಪ್ರತಿ ಮೆಷಿನ್ ಮೇಲೂ ನಂಬರ್ ಕೊರೆಯುವುದು, ಆ ನಂಬರ್ ಇರುವ ಫೋಟೋ ಕಾರ್ಡು ಯಜಮಾನನ ಕೊರಳಲ್ಲಿ ಇರುವುದು, ಕಾರ್ಡಿಲ್ಲದವನಿಗೆ ಅಂಗಡಿಯವನು ಮಾರಬಾರದು, ಕೊಳ್ಳಬಾರದು. ಕೇಳುವುದಕ್ಕೆ ಚೆನ್ನಾಗಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡಪ್ಪ ಮಾತ್ರ ಕೈ ಎತ್ತಿದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಂಗಾಯ್ತು ಇದು. ಕದಿಯೋನು ಬಂದು ಲೈಸೆನ್ಸ್ ತಗೋತಾನಾ? ನಾವು ಚಾಪೆ ಕೆಳಗೆ ತೂರಿದ್ರೆ ಅವನು ರಂಗೋಲಿ ಕೆಳಗೆ ತೂರ್ತಾನೆ. ಬರೆ ಬೀಳೋದು ನಮಗೇ."

ಸಭೆ ನಕ್ಕಿತು. ಬಾಗಿಲಕ್ಕ ನಗಲಿಲ್ಲ. "ದೊಡ್ಡಪ್ಪ, ಮರಳು ಹೊತ್ತೋಳು ನಾನು, ನೀನಲ್ಲ" ಎಂದಳು. ತುಂಬಿದ ಸಭೆಯಲ್ಲಿ ಅವನಿಗೆ ಹಾಗೆ ಎದುರಾಡಿದ್ದು ಅದೇ ಮೊದಲು.

ಆಗ ವೈರಿಂಗಿನವನು ಒಂದು ಪ್ರಶ್ನೆ ಎತ್ತಿದ. "ಅಕ್ಕ, ಸಿಕ್ಕಿಬಿದ್ದೋರೆಲ್ಲ ಫ್ರೆಂಡ್ ಕೊಟ್ಟ ಅಂತ ಹೇಳಿದ್ರೆ?" ಅವಳ ಹೊಟ್ಟೆಯಲ್ಲಿದ್ದ ಕೆಂಡಕ್ಕೆ ಗಾಳಿ ಹಾಕಿದಂತಾಯಿತು. "ಕೊಡೋದೇ ಬೇಡ! ಮೆಷಿನ್ ಯಾರ ಕೈಯಲ್ಲಿದ್ಯೋ ಕಾರ್ಡೂ ಅವರ ಹೆಸರಲ್ಲೇ ಇರ್ಬೇಕು. ಇಲ್ದಿದ್ರೆ ಅವನು ಕಳ್ಳ. ಇಲ್ಲ, ನಾನೇ ಕೊಟ್ಟಿದ್ದು ಅಂತ ಯಾರಾದ್ರೂ ಬಂದ್ರೆ, ಅವರ ಲೈಸೆನ್ಸೂ ಕಿತ್ಕೊಳ್ಳಿ, ಮೆಷಿನ್‌ಗಳನ್ನೂ ಎತ್ಕೊಂಡು ಹೋಗಿ, ಮತ್ತೆ ಯಾವತ್ತೂ ಕೊಡ್ಬೇಡಿ. ಆಗ ನೋಡೋಣ, ಯಾವ ಫ್ರೆಂಡು ಬಂದು ಸುಳ್ಳು ಸಾಕ್ಷಿ ಹೇಳ್ತಾನೆ ಅಂತ." ಚಪ್ಪಾಳೆ ಬಿತ್ತು. ನಗರಸಭೆಯಿಂದ ಬಂದಿದ್ದ ಅಧಿಕಾರಿ ಅವಳ ಮಾತನ್ನು ಇದ್ದದ್ದು ಇದ್ದ ಹಾಗೇ ಬರೆದುಕೊಂಡ. ಆಮೇಲೆ ಅದು ಕಾನೂನಿನಲ್ಲಿ ಒಂದು ಕಲಮಾಗಿ ಕೂತಿತು.

ಲೈಸೆನ್ಸು ಬಂತು. ನಂಬರ್ ಕೊರೆಸುವ ದಿನ ಇಡೀ ಊರಿನ ಕೆಲಸಗಾರರು ತಮ್ಮ ತಮ್ಮ ಮೆಷಿನ್ ಹೊತ್ತುಕೊಂಡು ಸಾಲು ನಿಂತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ, ಎಂದೂ ಒಂದು ಮೊಳೆ ಕದಿಯದವರೂ ಅವತ್ತು ಬೆವರುತ್ತಿದ್ದರು. ದೊಡ್ಡಪ್ಪ ಸಾಲಿಗೆ ಬರಲೇ ಇಲ್ಲ. ತನ್ನ ಮೆಷಿನ್‌ಗಳನ್ನು ಮಾರಿ, ಹಳೆಯ ಉಳಿ, ಗರಗಸ, ಕೈಯಲ್ಲಿ ತಿರುಗಿಸಿ ತೂತು ಕೊರೆಯುವ ಬೈರಿಗೆ ಇಷ್ಟನ್ನೇ ಉಳಿಸಿಕೊಂಡ. "ನನ್ ಕೈ ನಂದೇ ಅಂತ ಇನ್ಯಾರೋ ಬರ್ಕೊಡ್ಬೇಕಾ?" ಎಂದ. ವಯಸ್ಸಾದವರ ಹಟ ಎಂದುಕೊಂಡಳು ಅವಳು.

ಕಳ್ಳತನ ನಿಂತಿತೇ ಎಂದರೆ, ಸುಳ್ಳು ಯಾಕೆ ಹೇಳಬೇಕು, ಸ್ವಲ್ಪ ಕಡಿಮೆಯಾಯಿತು. ಹಳೆ ಸಾಮಾನಿನ ಬೀದಿಯಲ್ಲಿ ಮೆಷಿನ್‌ಗಳು ಕಾಣಿಸುವುದು ನಿಂತಿತು. ಕಳ್ಳರು ಹೊಟ್ಟೆಗಿಲ್ಲದೆ ಸಾಯಲಿಲ್ಲ. ನಂಬರ್ ಕೊರೆಯಲಾಗದ ತಾಮ್ರದ ವೈರಿಗೆ, ನಲ್ಲಿಗಳಿಗೆ ಕೈ ಹಾಕಿದರು. ಆದರೆ ಶೆಡ್ಡಿನಲ್ಲಿ ಬೇರೇನೋ ಆಯಿತು. ಪೆಟ್ಟಿಗೆಗಳಿಗೆ ಬೀಗ ಬಂತು. ಪಕ್ಕದವನು ಅರ್ಧ ತೂತು ಕೊರೆದು ಮೆಷಿನ್ ಸುಟ್ಟುಕೊಂಡು ನಿಂತರೂ ಉಳಿದವರು ಬೇರೆ ಕಡೆ ನೋಡುತ್ತಿದ್ದರು. ಕೊಟ್ಟರೆ ಕೊಟ್ಟವನ ಅನ್ನಕ್ಕೇ ಕಲ್ಲು. ಯಾರೂ ಯಾರ ಪೆಟ್ಟಿಗೆಯಲ್ಲೂ ಟೇಪು ಇಡುತ್ತಿರಲಿಲ್ಲ. ಬಾಗಿಲಕ್ಕ ಮಾತ್ರ ತನ್ನ ಪೆಟ್ಟಿಗೆಗೆ ಬೀಗ ಹಾಕಲಿಲ್ಲ. ಕಾನೂನೇ ಕಾಯುತ್ತಿರುವಾಗ ಬೀಗ ಯಾಕೆ ಎನ್ನುವುದು ಅವಳ ವಾದ. ಕೊರಳಿಗೆ ಕಾರ್ಡು ಹಾಕಿಕೊಂಡು ನಡೆಯುವಾಗ ಅವಳಿಗೆ ಎದೆಯ ಮೇಲೆ ಒಂದು ಕೈ ಇಟ್ಟಂತೆ ಧೈರ್ಯವಾಗುತ್ತಿತ್ತು. ಮರಳು ಹೊತ್ತವರಿಗೇ ಗೊತ್ತು ಅದು.

ಆ ವರ್ಷ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಮನೆಗೆ ಬಂದರೂ ಒಬ್ಬಳೇ ಏಳಲಾರಳು. ಬಚ್ಚಲ ಗೋಡೆಗೆ ಹಿಡಿದು ಏಳುವಂಥ ಒಂದು ಕಂಬಿ ಹಾಕಿಸಿ ಎಂದು ಡಾಕ್ಟರು ಹೇಳಿದ್ದರು. ಬಾಗಿಲಕ್ಕ ನೋಡಲು ಹೋದಾಗ, "ಭಾನುವಾರ ಬಂದು ಹಾಕಿಕೊಡ್ತೀನಿ ದೊಡ್ಡಮ್ಮ" ಎಂದಳು. ಭಾನುವಾರ ಅವಸರದ ಕೆಲಸವೊಂದು ಬಂತು. ಮುಂದಿನ ಭಾನುವಾರ ಸಂಘದವರು ಇನ್ನೊಂದು ಊರಿಗೆ ಲೈಸೆನ್ಸಿನ ಲಾಭ ಹೇಳಿಕೊಡಲು ಅವಳನ್ನೇ ಕರೆದುಕೊಂಡು ಹೋದರು. ದೊಡ್ಡಪ್ಪ ನೆನಪು ಮಾಡಲಿಲ್ಲ. ಆ ಸಭೆಯ ಮಾತಿನ ನಂತರ ಅವನು ಅವಳನ್ನು ಏನೂ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾಗಿಲಕ್ಕ ಮೂರನೇ ಮಹಡಿಯ ಬಾಗಿಲಿನ ಅಂಚು ಕೀಸಿ ಮುಗಿಸಿ, ಡ್ರಿಲ್ಲಿಗೆಂದು ಶೆಡ್ಡಿಗಿಳಿದಳು. ಪೆಟ್ಟಿಗೆಯ ಮುಚ್ಚಳ ತೆಗೆದರೆ ಡ್ರಿಲ್ ಇಲ್ಲ. ಹಳೆಯ ಬೆಳಗಿನ ಕಿತ್ತ ತಗಡು ಕಣ್ಣ ಮುಂದೆ ಬಂತು. ಪೆಟ್ಟಿಗೆಯನ್ನು ಎತ್ತಿ ಬೋರಲು ಸುರಿದಳು. ಉಳಿಗಳು, ಸ್ಕ್ರೂ ಡಬ್ಬಿ, ಬಟ್ಟೆ ಚೂರು ಎಲ್ಲ ಬಿದ್ದವು. ಏನೋ ಒಂದು ದುಂಡಗಿನದು ಉರುಳಿ ಕಾಲಿಗೆ ತಾಗಿತು. ಅದನ್ನು ಒದ್ದು ಆಚೆ ತಳ್ಳಿದಳು. ಆಗಲೇ ಫೋನ್ ತೆಗೆದು ಲೈಸೆನ್ಸ್ ಕಚೇರಿಗೆ ದೂರು ಕೊಟ್ಟಳು. ನಂಬರ್ ಅವಳ ನಾಲಗೆ ತುದಿಯಲ್ಲೇ ಇತ್ತು. "ಬಿಡ್ಬೇಡಿ ಸಾರ್ ಅವನನ್ನ" ಎಂದಳು.

ಕಾನೂನು ಕೆಲಸ ಮಾಡಿತು. ಸಂಜೆಯೊಳಗೆ ಕಚೇರಿಯಿಂದ ಫೋನ್ ಬಂತು: "ಸಿಕ್ಕಿದ್ದಾನಮ್ಮ, ಬನ್ನಿ. ತಪಾಸಣೆಯವರು ನಿಲ್ಲಿಸಿದಾಗ ಕಾರ್ಡಿರಲಿಲ್ಲ. ತಾನೇ ಕದ್ದಿದ್ದು ಅಂತ ಒಪ್ಕೊಂಡಿದ್ದಾನೆ." ಬಾಗಿಲಕ್ಕ ಮೈಮೇಲಿನ ಮರದ ಪುಡಿಯನ್ನೂ ಕೊಡವಿಕೊಳ್ಳದೆ ಓಡಿದಳು. ದಾರಿಯುದ್ದಕ್ಕೂ ಅವಳಿಗೆ ಆ ಹಳೆಯವನ ಮುಖವೇ ಕಾಣುತ್ತಿತ್ತು, ಮೆಷಿನ್ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋದವನದು. ಈ ಸಲ ಮೆಟ್ಟಿಲಿಳಿಯುವುದು ಹೇಗೆ ನೋಡುತ್ತೇನೆ ಎಂದುಕೊಂಡಳು.

ಕಚೇರಿಯ ಬೆಂಚಿನ ಮೇಲೆ ದೊಡ್ಡಪ್ಪ ಕೂತಿದ್ದ.

ಮೊಣಕಾಲುಗಳನ್ನು ಜೋಡಿಸಿ, ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು, ಶಾಲೆಯಲ್ಲಿ ಶಿಕ್ಷೆಗೆ ಕೂರಿಸಿದ ಹುಡುಗನಂತೆ. ಪಕ್ಕದ ಮೇಜಿನ ಮೇಲೆ ಅವಳ ಡ್ರಿಲ್. ಅವಳು "ದೊಡ್ಡ..." ಎನ್ನುವಷ್ಟರಲ್ಲಿ ಅವನು ತಲೆ ಎತ್ತಿ ಅಧಿಕಾರಿಯ ಕಡೆಗೆ ತಿರುಗಿದ.

"ಈ ಹೆಣ್ಮಗಳು ಯಾರೋ ನಂಗೊತ್ತಿಲ್ಲ ಸಾರ್. ಶೆಡ್ಡಲ್ಲಿ ಯಾರೂ ಇರ್ಲಿಲ್ಲ. ಎತ್ಕೊಂಡೆ. ಕದ್ದಿದ್ದೇ."

ಜೀವಮಾನದಲ್ಲಿ ಒಂದು ಮೊಳೆಯನ್ನೂ ಕೇಳದೆ ಜೇಬಿಗೆ ಹಾಕದ ಮನುಷ್ಯ ಇದು. ಅಧಿಕಾರಿ ಸಭೆಗೆ ಬಂದಿದ್ದವನೇ. ಕೆಟ್ಟವನೇನಲ್ಲ, ದಿನವಿಡೀ ಕೂತು ದಣಿದಿದ್ದ. "ನಿಮ್ದೇ ತಾನೇ ಮೆಷಿನ್ನು? ಕಾರ್ಡ್ ಕೊಡಿ, ನಂಬರ್ ನೋಡಿ ಸಹಿ ಹಾಕಿಸ್ಕೊಂಡ್ರೆ ಮುಗೀತು. ಇವರನ್ನ ಪೊಲೀಸ್‌ನೋರಿಗೆ ಕೊಡ್ತೀವಿ. ಒಪ್ಕೊಂಡಿರೋದ್ರಿಂದ ಬೇಗ ಮುಗಿಯುತ್ತೆ, ಆದ್ರೆ ಜೈಲಂತೂ ತಪ್ಪಲ್ಲ" ಎಂದ. ಅವಳು ಕೊರಳು ಮುಟ್ಟಿಕೊಂಡಳು. ಕೀಸುವಾಗ ಅಡ್ಡವಾಗುತ್ತದೆಂದು ಕಾರ್ಡನ್ನು ಬಾಗಿಲ ಚಿಲಕಕ್ಕೆ ನೇತುಹಾಕಿದ್ದು ನೆನಪಾಯಿತು. "ತರ್ತೀನಿ ಸಾರ್" ಎಂದು ಹೊರಬಂದಳು. ಹೋಗುವಾಗ ತಿರುಗಿ ನೋಡಿದಳು. ದೊಡ್ಡಪ್ಪನ ಅಂಗಿ ಸೊಂಟದ ಹತ್ತಿರ ಸಡಿಲವಾಗಿ ಇಳಿಬಿದ್ದಿತ್ತು. ಅಲ್ಲಿ ಸದಾ ಉಬ್ಬಿಕೊಂಡಿರುತ್ತಿದ್ದ ಏನೋ ಒಂದು ಇರಲಿಲ್ಲ.

ಏನಿರಲಿಲ್ಲ ಎಂಬುದು ಅವಳಿಗೆ ಅರ್ಧ ದಾರಿಯಲ್ಲಿ ಹೊಳೆಯಿತು. ಅಲ್ಲಿಂದ ಮುಂದೆ ಅವಳು ನಡೆಯಲಿಲ್ಲ, ಓಡಿದಳು. ಮೂರನೇ ಮಹಡಿಗೆ ಹತ್ತಲೇ ಇಲ್ಲ. ಶೆಡ್ಡಿನ ನೆಲದ ಮೇಲೆ ಮಂಡಿಯೂರಿ, ತಾನೇ ಸುರಿದ ಸಾಮಾನುಗಳ ನಡುವೆ, ಮರದ ಹೊಟ್ಟಿನಲ್ಲಿ ಕೈಯಾಡಿಸಿದಳು. ಸಿಮೆಂಟ್ ಚೀಲಗಳ ಸಂದಿಯಲ್ಲಿ ಸಿಕ್ಕಿತು ಅದು. ಹಿತ್ತಾಳೆ ಡಬ್ಬಿ, ಒಂದು ಮಗ್ಗುಲು ತಗ್ಗು.

ಪೆಟ್ಟಿಗೆಯಲ್ಲಿ, ಡ್ರಿಲ್ ಇದ್ದ ಜಾಗದಲ್ಲೇ ಇಟ್ಟಿದ್ದ ಅವನು. ಇವಳ ಕಾಲಿಗೆ ತಾಗಿದ್ದು ಅದೇ. ಎಣಿಸಲು ಕಲಿಸಿದ ಟೇಪು ಕಾಲಿಗೆ ಬಂದು ಮುಟ್ಟಿದರೂ ಗುರುತು ಸಿಗಲಿಲ್ಲವಲ್ಲ ಎಂದುಕೊಂಡಳು. ಸಿಟ್ಟಿನಲ್ಲಿ ನೋಡಲಿಲ್ಲ ಎಂದುಕೊಳ್ಳಬಹುದಿತ್ತು. ಆದರೆ ಸಂಗತಿ ಅದಲ್ಲ ಎಂದು ಅವಳಿಗೇ ಗೊತ್ತಿತ್ತು. ಮೆಷಿನ್ ಕಾಣದಿದ್ದರೆ ಮೊದಲು ಟೇಪು ಹುಡುಕಬೇಕು ಎನ್ನುವುದನ್ನೇ ಅವಳು ಮರೆತಿದ್ದಳು. ಊರಿಗೇ ಮರೆಸಿದ್ದಳು.

ಅವಳು ಅಲ್ಲೇ ಸ್ವಲ್ಪ ಹೊತ್ತು ಕೂತಳು. ಒಂದು ಸಹಿ ಹಾಕಿದರೆ ಡ್ರಿಲ್ ಬರುತ್ತದೆ, ಲೈಸೆನ್ಸು ಉಳಿಯುತ್ತದೆ, ಮಗಳ ಓದು ಮುಗಿಯುತ್ತದೆ. ದೊಡ್ಡಪ್ಪನೇ ಒಪ್ಪಿಕೊಂಡಿದ್ದಾನೆ, ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಕೊಟ್ಟೆ ಎಂದರೆ ಅವನು ಮನೆಗೆ ಹೋಗುತ್ತಾನೆ, ಇವಳು ಮರಳಿನ ಬುಟ್ಟಿಗೆ ಹೋಗುತ್ತಾಳೆ. ಅತ್ತ ದರಿ, ಇತ್ತ ಪುಲಿ. ಮರಳಿನ ಬುಟ್ಟಿಯ ನೆನಪಿಗೆ ಅವಳ ಕುತ್ತಿಗೆ ತಾನಾಗಿ ಬಿಗಿಯಿತು. ಹೆದರಿಕೆಯಾಯಿತು, ನಿಜವಾಗಿಯೂ ಹೆದರಿಕೆಯಾಯಿತು. ಆಮೇಲೆ ಹಾಸಿಗೆಯ ಮೇಲೆ ಬಾಗಿಲನ್ನೇ ನೋಡುತ್ತ ಮಲಗಿರುವ ದೊಡ್ಡಮ್ಮ ನೆನಪಾದಳು. ನೀರು ಬೇಕೆಂದರೂ ದೊಡ್ಡಪ್ಪನೇ ಬರಬೇಕು. ಬಾಗಿಲಕ್ಕ ಎದ್ದು, ಮೇಲೆ ಹತ್ತಿ, ಚಿಲಕದಿಂದ ಕಾರ್ಡು ತೆಗೆದುಕೊಂಡಳು.

ಕಚೇರಿಯಲ್ಲಿ ಅವಳು ಟೇಪನ್ನೂ ಕಾರ್ಡನ್ನೂ ಮೇಜಿನ ಮೇಲೆ ಒಟ್ಟಿಗೆ ಇಟ್ಟಳು.

"ಇವರು ನಮ್ಮ ದೊಡ್ಡಪ್ಪ. ಮೆಷಿನ್ ನಾನೇ ಕೊಟ್ಟಿದ್ದು ಸಾರ್."

"ಸುಳ್ಳು ಸಾರ್!" ದೊಡ್ಡಪ್ಪ ಬೆಂಚಿನಿಂದ ಎದ್ದೇಬಿಟ್ಟ. "ಅವಳು ಕೊಟ್ಟಿಲ್ಲ. ಅವಳಿಗೆ ಗೊತ್ತೇ ಇಲ್ಲ. ನಾನು ಕದ್ದಿದ್ದು."

"ಕದಿಯೋನು ಟೇಪು ಇಟ್ಟು ಹೋಗ್ತಾನಾ?" ಎಂದಳು ಅವಳು. "ಟೇಪು ಇಟ್ರೆ ಕೊಟ್ಟ ಹಾಗೇ ಸಾರ್. ನಮ್ಮಲ್ಲಿ ಹಾಗೇ. ನೋಡದೆ ದೂರು ಕೊಟ್ಟಿದ್ದು ನನ್ನ ತಪ್ಪು."

ಅಧಿಕಾರಿ ಇಬ್ಬರನ್ನೂ ನೋಡಿದ. ಕದ್ದೆ ಎಂದು ಹಟ ಹಿಡಿಯುವ ಕಳ್ಳ, ಇಲ್ಲ ಕೊಟ್ಟೆ ಎಂದು ಜಗಳವಾಡುವ ಕಳೆದುಕೊಂಡವಳು. ಅವನ ನೌಕರಿಯಲ್ಲಿ ಇಂಥದ್ದು ಬಂದಿರಲಿಲ್ಲ. "ಅಮ್ಮ," ಎಂದ ಮೆಲ್ಲಗೆ, "ಕೊಟ್ಟೆ ಅಂದ್ರೆ ಏನಾಗುತ್ತೆ ಗೊತ್ತಲ್ವಾ? ಆ ಕಲಮು ನೀವೇ ಹೇಳಿ ಬರೆಸಿದ್ದು. ನಾನೇ ಬರ್ಕೊಂಡಿದ್ದು."

"ಗೊತ್ತು ಸಾರ್."

"ನಾನು ಏನೂ ಮಾಡೋಕಾಗಲ್ಲ."

"ಅದೂ ಗೊತ್ತು. ಏನೂ ಮಾಡೋಕಾಗಬಾರ್ದು ಅಂತಲೇ ಹಾಗೆ ಹೇಳಿದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಧಿಕಾರಿ ಡ್ರಾಯರಿನಿಂದ ಕತ್ತರಿ ತೆಗೆದು ಕಾರ್ಡನ್ನು ಅವಳ ಫೋಟೋದ ನಡುವೆ ಕತ್ತರಿಸಿದ. ಡ್ರಿಲ್ಲನ್ನು ಬೀರುವಿನೊಳಗಿಟ್ಟ. ಉಳಿದ ಎರಡು ಮೆಷಿನ್‌ಗಳನ್ನು ಮರುದಿನ ಬಂದು ಒಯ್ಯುತ್ತಾರೆಂದು ಹೇಳಿದ. ಟೇಪನ್ನು ಮಾತ್ರ ಅವಳ ಕಡೆಗೆ ಸರಿಸಿದ. ಅದಕ್ಕಿನ್ನೂ ಯಾರೂ ಲೈಸೆನ್ಸು ಮಾಡಿರಲಿಲ್ಲ.

ಇಬ್ಬರೂ ಬೀದಿಗಿಳಿದರು. ಬಸ್‌ ನಿಲ್ದಾಣ ದಾಟಿದ ಮೇಲೆ ಅವಳು ತಡೆಯಲಾರದೆ ಕೇಳಿದಳು.

"ನನ್ನ ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?"

"ಕೇಳಿದ್ರೆ ನೀನು ಕೊಟ್ಟ ಹಾಗಾಗುತ್ತೆ. ಸಿಕ್ಕಿಬಿದ್ರೆ ನಿನ್ ಅನ್ನ ಹೋಗುತ್ತೆ. ಕೇಳದೆ ತಗೊಂಡ್ರೆ ನಾನು ಕಳ್ಳ ಆಗ್ತೀನಿ, ಅಷ್ಟೇ. ಈ ವಯಸ್ಸಲ್ಲಿ ಕಳ್ಳ ಅನ್ನಿಸ್ಕೊಂಡ್ರೆ ಏನೀಗ, ನಂಗೇನು ಹೆಣ್ಣು ನೋಡ್ಬೇಕಾ?"

ಅವಳಿಗೆ ನಗು ಬರಲಿಲ್ಲ. "ಮತ್ತೆ ಟೇಪು ಯಾಕಿಟ್ಟೆ?"

ದೊಡ್ಡಪ್ಪ "ಇಡ್ಬಾರ್ದು ಅಂತಲೇ ಅಂದ್ಕೊಂಡೆ ಪುಟ್ಟಿ. ಬರೀ ಕೈಯಲ್ಲಿ ಎತ್ಕೊಂಡು ಹೊರಡೋಕೆ ಕಾಲು ಬರ್ಲಿಲ್ಲ" ಎಂದ.

ಮನೆಯಲ್ಲಿ ದೊಡ್ಡಮ್ಮ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. "ಮೆಷಿನ್ ಸಿಕ್ತಾ?" ಎಂದು ಕೇಳಿದಳು. ಬಾಗಿಲಕ್ಕ ಬಚ್ಚಲಿಗೆ ಹೋಗಿ ನೋಡಿದಳು. ಕಂಬಿ ಮೂಲೆಯಲ್ಲಿ ಒರಗಿಕೊಂಡಿತ್ತು. ಗೋಡೆಯ ಟೈಲ್ಸಿನ ಮೇಲೆಲ್ಲ ಬೈರಿಗೆ ಜಾರಿ ಎಳೆದ ಗೆರೆಗಳು. ಗೋಡೆಯಲ್ಲಿ ಬೈರಿಗೆ ಹೂಡಬೇಕೆಂದರೆ ಒಬ್ಬರು ಭುಜ ಕೊಟ್ಟು ಒತ್ತಬೇಕು, ಇನ್ನೊಬ್ಬರು ತಿರುಗಿಸಬೇಕು. ವಯಸ್ಸಾಗಿ ಭುಜ ಮೇಲೆ ಏಳದ ಮುದುಕ ಎಷ್ಟು ಭಾನುವಾರ ಒಬ್ಬನೇ ಇಲ್ಲಿ ನಿಂತು ಹೆಣಗಿದನೋ. ತಾನು ಇನ್ನೊಂದು ಊರಿನ ವೇದಿಕೆಯ ಮೇಲೆ ಕೈ ಎತ್ತಿ ಮಾತಾಡುತ್ತಿದ್ದ ಹೊತ್ತು ಅದು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ದೊಡ್ಡಪ್ಪ, ಬೈರಿಗೆ ತಗೊಂಡು ಬಾ" ಎಂದು ಕೂಗಿದಳು.

ಅವಳು ಭುಜ ಕೊಟ್ಟು ಒತ್ತಿದಳು, ದೊಡ್ಡಪ್ಪ ತಿರುಗಿಸಿದ. ಬೈರಿಗೆ ಟೈಲ್ಸನ್ನು ಕಚ್ಚಲು ಬಹಳ ಹೊತ್ತು ತೆಗೆದುಕೊಂಡಿತು. ಒಂದು ಟೈಲು ಮೂಲೆಯಲ್ಲಿ ಸೀಳಿತು. "ಸೀಳಲಿ ಬಿಡಿ, ನಾನೇನು ಅದರಲ್ಲಿ ಮುಖ ನೋಡ್ಕೋಬೇಕಾ" ಎಂದು ಒಳಗಿನಿಂದ ದೊಡ್ಡಮ್ಮನ ದನಿ ಬಂತು. ಮೊದಲ ತೂತಿಗೆ ಮರದ ಗೂಟ ಬಡಿದರು. ಎರಡನೆಯದಕ್ಕೆ ಅಳತೆ ನೋಡಬೇಕಿತ್ತು. ದೊಡ್ಡಪ್ಪನ ಕೈ ಅಭ್ಯಾಸದಂತೆ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ಬಾಗಿಲಕ್ಕ ಟೇಪನ್ನು ಚಾಚಿದಳು. "ತಗೋ, ನಿಂದು."

ದೊಡ್ಡಪ್ಪ ಅದರ ತುದಿಯನ್ನಷ್ಟೇ ಎಳೆದು, ಗೋಡೆಗೆ ಹಿಡಿದು, ಅಳೆದು, ಪೆನ್ಸಿಲಿನಿಂದ ಗುರುತು ಮಾಡಿದ. ಆಮೇಲೆ ತುದಿಯನ್ನು ಬಿಟ್ಟ. ಟೇಪು ಸರ್ರನೆ ಅವಳ ಅಂಗೈಯೊಳಗಿನ ಡಬ್ಬಿಗೇ ಹೋಗಿ ಸೇರಿತು.

"ನಿನ್ನ ಹತ್ರಾನೇ ಇರ್ಲಿ ಪುಟ್ಟಿ," ಎಂದ. "ಮೆಷಿನ್ ನಾನಿನ್ನೂ ವಾಪಸ್ ಕೊಟ್ಟಿಲ್ವಲ್ಲ."

ಅವಳು ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೆ ಗೋಡೆಗೆ ಭುಜ ಕೊಟ್ಟಳು.